ಪುಟ್ಟ ಲಾರಿಗೊಂದು ಹಗುರವಾದ ಹಾಸು

ಯಶವಂತಪುರದ ಕೃಷಿ ಮಾರುಕಟ್ಟೆಯ ಪ್ರಾಂಗಣದ ಹೊರಗೆ ಬೆಳಗಿನ ಹೊತ್ತು ನಿಂತು ನೋಡಿದವರಿಗೆ ಒಂದು ಸಂಗತಿ ಮನದಟ್ಟಾಗುತ್ತದೆ. ದೂರದ ಊರುಗಳಿಂದ ಚೀಲಗಳನ್ನು ಹೊತ್ತು ತರುವುದು ದೊಡ್ಡ ಲಾರಿಯೇ ಆದರೂ, ಆ ಚೀಲಗಳನ್ನು ರಾಧಾಕೃಷ್ಣ ದೇವಸ್ಥಾನದ ಬಡಾವಣೆಯ ಓಣಿಗೋ ಯಲಹಂಕದ ಅಂಗಡಿಗೋ ಮುಟ್ಟಿಸುವುದು ಪುಟ್ಟ ಲಾರಿ. 2005ರಲ್ಲಿ ಟಾಟಾ ಸಂಸ್ಥೆಯವರು ‘ಏಸ್’ ಎಂಬ ನಾಲ್ಕು ಚಕ್ರದ ಪುಟ್ಟ ವಾಹನವನ್ನು ಮಾರಾಟಕ್ಕೆ ತಂದಂದಿನಿಂದ ಇಂಥ ಗಾಡಿಗಳು ನಮ್ಮ ಬೀದಿಗಳಲ್ಲಿ ಸರ್ವೇಸಾಧಾರಣವಾಗಿಬಿಟ್ಟಿವೆ. ಇವುಗಳಲ್ಲಿ ಅನೇಕವು ಒಬ್ಬನೇ ಮಾಲೀಕನ ಸ್ವತ್ತು. ಅವನೇ ಚಾಲಕ, ಅವನೇ ಹಮಾಲಿ, ಸಾಲದ ಕಂತನ್ನು ತೀರಿಸಬೇಕಾದವನೂ ಅವನೇ. ಅಂಥವನಿಗೆ ಗಾಡಿಯ ಪ್ರತಿಯೊಂದು ಕಿಲೋಗ್ರಾಂ ತೂಕವೂ ಲೆಕ್ಕಕ್ಕೆ ಬರುವ ವಿಷಯ.

ಚಾಲಕನ ಗೂಡಿನ ಹಿಂದೆ, ಹೊರೆಯನ್ನು ಇಡುವ ಭಾಗವನ್ನು ಕೆಲವರು ತಮ್ಮ ಕಸುಬಿಗೆ ತಕ್ಕಂತೆ ಬೇರೆಯಾಗಿ ಕಟ್ಟಿಸಿಕೊಳ್ಳುತ್ತಾರೆ. ಸುತ್ತಲೂ ಗೋಡೆಗಳಿಲ್ಲದ, ಮೂರು ಕಡೆಯಿಂದಲೂ ಸಾಮಾನನ್ನು ಏರಿಸಿ ಇಳಿಸಬಹುದಾದ ಚಪ್ಪಟೆಯಾದ ವೇದಿಕೆಯೂ ಇವುಗಳಲ್ಲಿ ಒಂದು ಬಗೆ. ಕಮ್ಮಟಗಳಲ್ಲಿ ಇದಕ್ಕೆ ‘ಫ್ಲಾಟ್ ಬೆಡ್’ ಎನ್ನುತ್ತಾರೆ. ಈ ಲೇಖನದಲ್ಲಿ ನಾವು ಅದನ್ನು ‘ಹಾಸು’ ಎಂದು ಕರೆಯೋಣ. ಹಾಸನ್ನು ಹಗುರವಾಗಿಯೂ ಬಲವಾಗಿಯೂ ಕಟ್ಟುವುದು ಹೇಗೆ ಎಂಬ ಪ್ರಶ್ನೆ ಕಮ್ಮಾರನದೆಂದು ತೋರಿದರೂ, ಅದಕ್ಕೆ ಬೇಕಾದ ಉತ್ತರವೆಲ್ಲ ನೀವು ಪ್ರೌಢಶಾಲೆಯಲ್ಲಿ ಕಲಿಯುವ ಭೌತಶಾಸ್ತ್ರದ ಒಂದೆರಡು ಪಾಠಗಳಲ್ಲಿ ಅಡಗಿದೆ.

ಮೊದಲು ತೂಕದ ಲೆಕ್ಕ. ಗಾಡಿ, ಚಾಲಕ, ಇಂಧನ, ಹಾಸು, ಹೊರೆ ಎಲ್ಲವೂ ಸೇರಿ ಇಷ್ಟನ್ನು ಮೀರಕೂಡದೆಂದು ತಯಾರಕರು ಒಂದು ಮಿತಿಯನ್ನು ಗೊತ್ತುಮಾಡಿರುತ್ತಾರೆ. ನಮ್ಮ ಲೆಕ್ಕಕ್ಕಾಗಿ ಆ ಮಿತಿ 1600 ಕಿಲೋಗ್ರಾಂ ಇರಲಿ. ಹಾಸಿಲ್ಲದ ಗಾಡಿ, ಚಾಲಕ, ಇಂಧನ ಸೇರಿ 720 ಕಿಲೋಗ್ರಾಂ ಇರಲಿ. ಉಳಿದ 880ರಲ್ಲಿ ಹಾಸಿಗೂ ಪಾಲು, ಹೊರೆಗೂ ಪಾಲು. ಹಾಸು 180 ಕಿಲೋಗ್ರಾಂ ತೂಗಿದರೆ ಹೊರೆಗೆ ಉಳಿಯುವುದು 700. ಅದೇ ಹಾಸು 105 ಕಿಲೋಗ್ರಾಂ ಆದರೆ 775. ಎಂದರೆ ಐವತ್ತು ಕಿಲೋಗ್ರಾಮಿನ ಒಂದೂವರೆ ಚೀಲ ಹೆಚ್ಚು. ದಿನಕ್ಕೆ ಎರಡು ಸಲದಂತೆ ವರ್ಷಕ್ಕೆ ಮುನ್ನೂರು ದಿನ ಗಾಡಿ ಓಡಿದರೆ ಈ ಒಂದೂವರೆ ಚೀಲ 45 ಟನ್ ಆಗಿ ಬೆಳೆಯುತ್ತದೆ.

‘ಹಾಸು ಗಟ್ಟಿಯಾದಷ್ಟೂ ಹೆಚ್ಚು ಹೊರೆ ಹೇರಬಹುದು’ ಎಂಬುದು ಬಹು ಜನರ ನಂಬಿಕೆ. ಇದು ಶುದ್ಧ ತಪ್ಪು. ಅಚ್ಚು, ಸ್ಪ್ರಿಂಗು, ಟೈರು, ಬ್ರೇಕು, ಇವು ಎಷ್ಟನ್ನು ತಾಳಬಲ್ಲವೋ ಅಷ್ಟೇ ಗಾಡಿಯ ಶಕ್ತಿ. ಮೇಲಿನ ಹಾಸಿಗೆ ದಪ್ಪ ತಗಡನ್ನು ಬಡಿದುದರಿಂದ ಕೆಳಗಿನ ಬ್ರೇಕಿಗೆ ಯಾವ ಬಲವೂ ಬರುವುದಿಲ್ಲ. ಅದು ತಡೆಯಬೇಕಾದ ಭಾರವಷ್ಟೇ ಹೆಚ್ಚುತ್ತದೆ. 1988ರ ಮೋಟಾರು ವಾಹನಗಳ ಕಾಯಿದೆಯ 113ನೆಯ ಪ್ರಕರಣ ಈ ಮಿತಿಯನ್ನು ಮೀರುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯಾದ ಮೇಲೆ ಇದಕ್ಕೆ ದಂಡ 20,000 ರೂಪಾಯಿ; ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ.

ಹಗುರವಾದ ಹಾಸಿನಿಂದ ಡೀಸೆಲ್ ಬಹಳ ಉಳಿಯುತ್ತದೆಂದು ಹೇಳುವವರೂ ಇದ್ದಾರೆ. 75 ಕಿಲೋಗ್ರಾಂ ಕಡಮೆಯಾದರೆ ಟೈರಿನ ಉರುಳುಘರ್ಷಣೆ ಸುಮಾರು 11 ನ್ಯೂಟನ್‌ನಷ್ಟು ಮಾತ್ರ ತಗ್ಗುತ್ತದೆ. ದಿನಕ್ಕೆ ಐವತ್ತು ಕಿಲೋಮೀಟರ್ ಓಟವನ್ನೂ, ನೂರು ಸಲ ನಿಂತು ಹೊರಡುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಉಳಿತಾಯ ಹೆಚ್ಚೆಂದರೆ ನೂರು ಮಿಲಿಲೀಟರಿನಷ್ಟಾದೀತು. ಲಾಭವಿರುವುದು ಚೀಲದಲ್ಲಿ. ಚೀಲ ಹೊರುವವರಿಗೆ ಮಾತ್ರ ಎಂಬುದನ್ನೂ ಸೇರಿಸಬೇಕು. ಹೆಬ್ಬಾಳದ ಹೂವಿನ ಹರಾಜು ಕೇಂದ್ರಕ್ಕೆ ಗುಲಾಬಿಯನ್ನು ತರುವವನ ಗಾಡಿ ತೂಕದ ಮಿತಿಯನ್ನು ಮುಟ್ಟುವ ಮೊದಲೇ ತುಂಬಿಹೋಗುತ್ತದೆ. ಅವನಿಗೆ ಬೇಕಾದುದು ಸ್ಥಳ, ನೆರಳು ಮತ್ತು ತಂಪು.

ಇನ್ನು ಹಾಸಿನ ಒಡಲನ್ನು ನೋಡೋಣ. ಹಾಸಿನ ಅಡಿಯಲ್ಲಿ ಅಡ್ಡತೊಲೆಗಳಿರುತ್ತವೆ. ಅವು ಗಾಡಿಯ ಚಾಸಿಯ ಎರಡು ಉದ್ದನೆಯ ಕಂಬಿಗಳ ಮೇಲೆ ಕುಳಿತು, ಎರಡು ಪಕ್ಕಕ್ಕೂ ರೆಕ್ಕೆಯಂತೆ ಚಾಚಿಕೊಂಡಿರುತ್ತವೆ. ಹೊರೆ ಬಿದ್ದಾಗ ಈ ರೆಕ್ಕೆಗಳು ಕೆಳಕ್ಕೆ ಬಾಗುತ್ತವೆ. ಆಗ ತೊಲೆಯ ಮೇಲ್ಮೈ ಹಿಗ್ಗುತ್ತದೆ, ಕೆಳಮೈ ಕುಗ್ಗುತ್ತದೆ. ಹಿಗ್ಗುವ ಪದರಕ್ಕೂ ಕುಗ್ಗುವ ಪದರಕ್ಕೂ ನಡುವೆ ಹಿಗ್ಗದ, ಕುಗ್ಗದ ಪದರವೊಂದು ಇರಲೇಬೇಕಷ್ಟೆ. ಇದಕ್ಕೆ ತಟಸ್ಥ ಪದರವೆಂದು ಹೆಸರು. ಆ ಪದರದ ಆಸುಪಾಸಿನಲ್ಲಿರುವ ಲೋಹ ಹೆಚ್ಚುಕಡಮೆ ಸೋಮಾರಿಯಾಗಿ ಕುಳಿತಿರುತ್ತದೆ. ತೂಕವನ್ನು ಮಾತ್ರ ಪೂರ್ತಿಯಾಗಿ ಕೊಡುತ್ತದೆ. ದುಡಿಯುವುದೆಲ್ಲ ಮೇಲಿನ ಮತ್ತು ಕೆಳಗಿನ ಅಂಚುಗಳಲ್ಲಿರುವ ಲೋಹ. ಆದುದರಿಂದ ನಡುವಿನ ಲೋಹವನ್ನು ತೆಗೆದು ಅಂಚಿಗೆ ಹಚ್ಚುವುದೇ ಹಗುರಾಗಿ ಕಟ್ಟುವ ವಿದ್ಯೆಯ ತಿರುಳು.

ಬಿದಿರಿನಲ್ಲಿ ಪ್ರಕೃತಿ ಇದನ್ನು ಎಂದೋ ಮಾಡಿದೆ. ಹಕ್ಕಿಯ ರೆಕ್ಕೆಯ ಮೂಳೆಯೂ ಟೊಳ್ಳು. ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದೇ ಮೂಳೆಗಳನ್ನೂ ಹುಲ್ಲಿನ ದಂಟುಗಳನ್ನೂ ಉದಾಹರಿಸಿ, ತೂಕವನ್ನು ಹೆಚ್ಚಿಸದೆಯೇ ಬಲವನ್ನು ಹೆಚ್ಚಿಸುವ ಬಗೆಯನ್ನು ಚರ್ಚಿಸಿದ್ದಾನೆ.

ಅಂಕೆಗಳಲ್ಲಿ ಹೇಳುವುದಾದರೆ ಹೀಗೆ. 25 ಮಿಲಿಮೀಟರ್ ಚೌಕದ ಉಕ್ಕಿನ ಗಟ್ಟಿ ಸರಳೊಂದು ಮೀಟರಿಗೆ 4.9 ಕಿಲೋಗ್ರಾಂ ತೂಗುತ್ತದೆ. ಹೊರಗೆ 50 ಮಿಲಿಮೀಟರ್ ಚೌಕವಾಗಿದ್ದು 3 ಮಿಲಿಮೀಟರ್ ದಪ್ಪದ ಗೋಡೆಯುಳ್ಳ ಟೊಳ್ಳು ಕೊಳವೆ ಮೀಟರಿಗೆ 4.4 ಕಿಲೋಗ್ರಾಂ. ಹಗುರವಾದ ಈ ಕೊಳವೆಯೇ ಗಟ್ಟಿ ಸರಳಿಗಿಂತ ಆರು ಪಟ್ಟಿಗೂ ಹೆಚ್ಚಾಗಿ ಬಾಗುವಿಕೆಯನ್ನು ತಡೆಯುತ್ತದೆ. ಮುರಿಯದೆ ತಾಳುವ ಬಲದಲ್ಲಿ ಮೂರು ಪಟ್ಟಿಗೂ ಮಿಗಿಲು.

ಈಗ ಈ ಎರಡನ್ನೂ ಪರೀಕ್ಷೆಗೆ ಒಡ್ಡೋಣ. ಹಾಸಿನ ಅಗಲ 1.5 ಮೀಟರ್, ಚಾಸಿಯ ಕಂಬಿಗಳ ನಡುವಣ ಅಂತರ 0.7 ಮೀಟರ್ ಇರಲಿ. ಹಾಗಾದರೆ ಪ್ರತಿ ಪಕ್ಕದ ರೆಕ್ಕೆ 0.4 ಮೀಟರ್. ಐದು ಅಡ್ಡತೊಲೆಗಳ ಮೇಲೆ ಹೊರೆಯನ್ನು ಸಮನಾಗಿ ಹರಡಿದರೆ ಪ್ರತಿ ತೊಲೆಗೆ ಸುಮಾರು 150 ಕಿಲೋಗ್ರಾಂ ಪಾಲು ಬರುತ್ತದೆ. ಆಗ ಕಂಬಿಯ ಮೇಲೆ ಕೊಳವೆಯ ಹೊರಪದರದಲ್ಲಿ ಉಂಟಾಗುವ ಪೀಡನ, ಎಂದರೆ ಪ್ರತಿ ಚದರ ಘಟಕದ ಮೇಲಿನ ಬಲ, ಹತ್ತು ಮೆಗಾಪಾಸ್ಕಲ್ಲನ್ನೂ ಮುಟ್ಟುವುದಿಲ್ಲ. ಸಾಧಾರಣ ಉಕ್ಕು ಸುಮಾರು 250 ಮೆಗಾಪಾಸ್ಕಲ್ ಪೀಡನದವರೆಗೆ ಶಾಶ್ವತವಾಗಿ ಸೊಟ್ಟಗಾಗದೆ ನಿಲ್ಲುತ್ತದೆ. ಇದನ್ನು ನೋಡಿದ ವಿದ್ಯಾರ್ಥಿ, ‘ಹಾಗಾದರೆ ಕೊಳವೆಯನ್ನು ಇನ್ನೂ ಸಣ್ಣದಾಗಿಸಬಹುದಲ್ಲ!’ ಎಂದು ಹಿಗ್ಗುತ್ತಾನೆ. ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಈ ಮಾತು ಬರುತ್ತದೆ.

ಆದರೆ ಹೊರೆ ಯಾವಾಗಲೂ ಸಮನಾಗಿ ಹರಡಿಕೊಂಡು ಕೂರುವುದಿಲ್ಲ. ಪೀಣ್ಯದ ಕಾರ್ಖಾನೆಯೊಂದರಿಂದ ಯಂತ್ರವೊಂದನ್ನು ತರುವಾಗ ಅದರ ಒಂದು ಕಾಲು ರೆಕ್ಕೆಯ ತುದಿಯ ಮೇಲೆಯೇ ನಿಂತಿತೆನ್ನಿ. ಆ ಕಾಲಿನ ಮೇಲೆ ಬೀಳುವ ಭಾರ 150 ಕಿಲೋಗ್ರಾಂ. ಸನ್ನೆಯ ತತ್ತ್ವದಂತೆ ಈಗ ಬಲವೂ ಅದರ ತೋಳಿನ ಉದ್ದವೂ ಗುಣಿತವಾಗಿ 588 ನ್ಯೂಟನ್-ಮೀಟರ್ ತಿರುಚುಬಲ ಕಂಬಿಯ ಮೇಲೆ ಬೀಳುತ್ತದೆ. ಪೀಡನ 10ರಿಂದ 70 ಮೆಗಾಪಾಸ್ಕಲ್ಲಿಗೆ ಜಿಗಿಯುತ್ತದೆ. ಇಷ್ಟೂ ಗಾಡಿ ನಿಂತಿದ್ದಾಗ. ತಕ್ಕಡಿಯ ತಟ್ಟೆಗೆ ತೂಕದ ಬಟ್ಟನ್ನು ಮೆಲ್ಲಗೆ ಇಡದೆ ಒಮ್ಮೆಲೇ ಕೈಬಿಟ್ಟರೆ ತಟ್ಟೆ ಎರಡರಷ್ಟು ತಗ್ಗಿ ಮೇಲೇಳುವುದನ್ನು ನೀವು ಬಲ್ಲಿರಿ. ರಸ್ತೆಯ ಉಬ್ಬನ್ನು ಹಾರಿಸಿದ ಗಾಡಿಯಲ್ಲಿ ಹೊರೆ ಒಂದು ಕ್ಷಣ ಮೇಲೆದ್ದು ಬೀಳುವುದರಿಂದ ಮೂರು ಪಟ್ಟನ್ನಾದರೂ ಹಿಡಿಯುವುದು ಕ್ಷೇಮ. ಮೂರು ಪಟ್ಟಿಗೆ ನಮ್ಮ ಕೊಳವೆಯಲ್ಲಿ 211 ಮೆಗಾಪಾಸ್ಕಲ್. ತಾಳಿಕೆಯ ಮಿತಿಗೆ ಸಮೀಪವಾದರೂ ಅದರೊಳಗೇ ಇದೆ. ಅದಕ್ಕಿಂತ ಭಾರವಾದ ಗಟ್ಟಿ ಸರಳಿನಲ್ಲಿ ಅದು 677! ಸರಳು ಸೊಟ್ಟಗಾಗಿ ಯಂತ್ರ ರಸ್ತೆಗೆ ಬೀಳುತ್ತದೆ. ಭಾರವಾದುದು ಸೋತು ಹಗುರವಾದುದು ಗೆದ್ದ ಈ ಲೆಕ್ಕವನ್ನು ಓದುಗರು ತಾವೇ ಒಮ್ಮೆ ಮಾಡಿನೋಡಬೇಕೆಂದು ನನ್ನ ಬಿನ್ನಹ.

ಕೊಳವೆಯ ಗೋಡೆಯನ್ನು ತೆಳುವಾಗಿಸುತ್ತ ಕೊಳವೆಯನ್ನು ಹಿರಿದಾಗಿಸುತ್ತ ಹೋದರೆ ಮತ್ತಷ್ಟು ಲಾಭವಾಗಬೇಕಲ್ಲವೆ? ಒಂದು ಹಂತದವರೆಗೆ ಸರಿ. ಆಮೇಲೆ ಕುಗ್ಗುವ ಕಡೆಯ ಗೋಡೆ ಕಾಗದದ ಲೋಟದಂತೆ ಒಳಕ್ಕೆ ಮಡಿಚಿಕೊಳ್ಳುತ್ತದೆ. ಬಿದಿರಿಗೆ ಅಲ್ಲಲ್ಲಿ ಗಿಣ್ಣುಗಳಿರುವುದು ಇದನ್ನು ತಡೆಯುವುದಕ್ಕೂ ನೆರವಾಗುತ್ತದೆ.

ಹಾಸಿನ ನೆಲಕ್ಕೆ ಯಾವ ಪದಾರ್ಥ ಒಳ್ಳೆಯದು? ನಮ್ಮ ಹಾಸಿನ ಉದ್ದ 2.2 ಮೀಟರ್ ಇದ್ದರೆ ನೆಲದ ವಿಸ್ತೀರ್ಣ 3.3 ಚದರ ಮೀಟರ್. ರೂಢಿಯಂತೆ 3 ಮಿಲಿಮೀಟರ್ ಉಕ್ಕಿನ ತಗಡನ್ನು ಹಾಕಿದರೆ ನೆಲವೊಂದೇ 78 ಕಿಲೋಗ್ರಾಂ. 2 ಮಿಲಿಮೀಟರಿನದಾದರೆ 52. ಅಲ್ಯೂಮಿನಿಯಮ್ಮಿನ ಸಾಂದ್ರತೆ ಉಕ್ಕಿನ ಮೂರರಲ್ಲೊಂದು ಪಾಲು. ಆದರೆ ಬಗ್ಗದೆ ನಿಲ್ಲುವ ಗುಣವನ್ನು ಅಳೆಯುವ ಯಂಗ್ ಗುಣಾಂಕವೂ ಅದರಲ್ಲಿ ಮೂರರಲ್ಲೊಂದೇ. ಆದುದರಿಂದ ಉಕ್ಕಿನ ಜಾಗದಲ್ಲಿ ಅಷ್ಟೇ ದಪ್ಪದ ಅಲ್ಯೂಮಿನಿಯಮ್ಮನ್ನು ಇಟ್ಟರೆ ಅದು ಮೂರರಷ್ಟು ಬಾಗುತ್ತದೆ. ಇಲ್ಲಿ ನೆರವಿಗೆ ಬರುವುದು ದಪ್ಪದ ಘನ ನಿಯಮ: ತಗಡಿನ ದಪ್ಪ ಎರಡರಷ್ಟಾದರೆ ಅದು ಬಾಗುವಿಕೆಯನ್ನು ತಡೆಯುವ ಗುಣ ಎಂಟರಷ್ಟಾಗುತ್ತದೆ. ಹೀಗಾಗಿ 2 ಮಿಲಿಮೀಟರ್ ಉಕ್ಕಿಗೆ ಸಮನಾಗಲು 3 ಮಿಲಿಮೀಟರ್ ಅಲ್ಯೂಮಿನಿಯಮ್ ಸಾಕು. ಅದರ ತೂಕ 27 ಕಿಲೋಗ್ರಾಂ ಮಾತ್ರ.

ಇದೇ ನಿಯಮವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರೆ ಸೋಜಿಗವೊಂದು ಕಾಣುತ್ತದೆ. 12 ಮಿಲಿಮೀಟರ್ ದಪ್ಪದ ಒಳ್ಳೆಯ ಪ್ಲೈವುಡ್ ಹಲಗೆ ಚದರ ಮೀಟರಿಗೆ ಸುಮಾರು 8 ಕಿಲೋಗ್ರಾಂ, ಎಂದರೆ ನಮ್ಮ ಅಲ್ಯೂಮಿನಿಯಮ್ ತಗಡಿನಷ್ಟೇ ತೂಗುತ್ತದೆ. ಆದರೆ ಬಾಗುವಿಕೆಯನ್ನು ಏಳು ಪಟ್ಟು ಹೆಚ್ಚಾಗಿ ತಡೆಯುತ್ತದೆ. ಮರ ಹಳೆಯದಾಯಿತೆಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು. ನೀರು, ಗೆದ್ದಲು, ಕಬ್ಬಿಣದ ಸಾಮಾನಿನ ಗೀರು ಇವು ಮರದ ಶತ್ರುಗಳು ಎಂಬುದು ನಿಜ. ಅಂಚುಗಳಿಗೆ ಬಣ್ಣ ಬಳಿದು ಜೋಪಾನ ಮಾಡಲು ಒಪ್ಪುವವನಿಗೆ ಮಾತ್ರ ಅದು ತಕ್ಕುದು. ಯಶವಂತಪುರದ ಬಳಿ ತುಮಕೂರು ರಸ್ತೆಯಲ್ಲಿ 1960ರ ದಶಕದ ಮೊದಲಲ್ಲಿ ಹುಟ್ಟಿಕೊಂಡ ಪ್ಲೈವುಡ್ ಸಂಶೋಧನಾ ಸಂಸ್ಥೆಯಲ್ಲಿ ಬಿದಿರಿನ ಚಾಪೆಗಳನ್ನು ಅಂಟಿನಿಂದ ಒತ್ತಿ ಹಲಗೆಗಳನ್ನೂ, ಅಲೆಯಲೆಯಾದ ಮಾಡಿನ ಹಾಳೆಗಳನ್ನೂ ತಯಾರಿಸುವ ವಿಧಾನಗಳನ್ನು ರೂಪಿಸಲಾಯಿತು. ಹಾಳೆಗೆ ಅಲೆಯ ಆಕಾರವನ್ನು ಕೊಡುವುದೂ ಪದಾರ್ಥವನ್ನು ತಟಸ್ಥ ಪದರದಿಂದ ದೂರಕ್ಕೆ ಒಯ್ಯುವ ಉಪಾಯವೇ.

ಈಗ ಕೂಡಿಸಿ ನೋಡೋಣ. ಐದು ಅಡ್ಡತೊಲೆಗಳು 33 ಕಿಲೋಗ್ರಾಂ, ಎರಡು ಉದ್ದತೊಲೆಗಳು 20, ನೆಲ 27, ಅಂಚುಪಟ್ಟಿ, ಗೂಡಿನ ಹಿಂದಿನ ತಡೆಗಂಬಿ ಮತ್ತು ಬೇಕಾದಾಗ ಸಿಕ್ಕಿಸಿ ಬೇಡವಾದಾಗ ಕಿತ್ತಿಡುವ ಗೂಟಗಳು 25. ಮೊದಲು ಹೇಳಿದ 105 ಕಿಲೋಗ್ರಾಂ ಬಂದುದು ಹೀಗೆ.

ಲೋಹಗಳನ್ನು ಜೋಡಿಸುವ ವಿಷಯದಲ್ಲಿ ಎಚ್ಚರ ಬೇಕು. ಹದಗೊಳಿಸಿದ ಅಲ್ಯೂಮಿನಿಯಮ್ ಮಿಶ್ರಲೋಹಗಳನ್ನು ಬೆಸೆದರೆ ಬೆಸುಗೆಯ ಪಕ್ಕದ ಲೋಹ ಕಾವಿನಿಂದ ಹದಗೆಟ್ಟು ತನ್ನ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ವಿಮಾನಗಳಲ್ಲಿ ರಿವೆಟ್ಟುಗಳನ್ನು ಸಾಲಾಗಿ ಹೊಡೆಯುವುದಕ್ಕೆ ಇದೂ ಒಂದು ಕಾರಣ. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ನಡೆದುಬಂದಿರುವ ವಿಮಾನ ಪ್ರದರ್ಶನಕ್ಕೆ ಹೋದವರು ರೆಕ್ಕೆಗಳ ಮೇಲೆ ಈ ಸಾಲುಗಳನ್ನು ಕಂಡಿರಬಹುದು. ಈ ಕಲೆ ವಿಮಾನದಿಂದ ರಸ್ತೆಗೆ ಇಳಿದುದು ನಮ್ಮ ಊರಿಗೆ ಹೊಸತೇನೂ ಅಲ್ಲ. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಸ್ಥಾಪಿಸಿದ ಹಿಂದುಸ್ತಾನ್ ವಿಮಾನ ಕಾರ್ಖಾನೆ, ಯುದ್ಧ ಮುಗಿದು ವಿಮಾನದ ಕೆಲಸ ಇಳಿಮುಖವಾದಾಗ ಬಸ್ಸುಗಳ ಒಡಲನ್ನೂ ರೈಲ್ವೆಯ ಲೋಹದ ಬೋಗಿಗಳನ್ನೂ ಕಟ್ಟಿಕೊಟ್ಟಿತು. ಇನ್ನೊಂದು ಸೂಕ್ಷ್ಮ: ಅಲ್ಯೂಮಿನಿಯಮ್ ಮತ್ತು ಉಕ್ಕು ಒಂದನ್ನೊಂದು ಮುಟ್ಟಿಕೊಂಡಿರುವಾಗ ನಡುವೆ ನೀರು ನಿಂತರೆ ಅದೊಂದು ವಿದ್ಯುತ್ಕೋಶವೇ ಆಗಿ, ಅಲ್ಯೂಮಿನಿಯಮ್ ಸವೆಯುತ್ತದೆ. ನಡುವೆ ರಬ್ಬರಿನ ಪಟ್ಟಿಯನ್ನು ಇಟ್ಟರೆ ಈ ಕೋಶದ ಮಂಡಲ ಕಡಿದುಹೋಗುತ್ತದೆ.

ಹಾಸನ್ನು ಚಾಸಿಗೆ ಕೂರಿಸುವ ಬಗೆಯಲ್ಲಿಯೇ ಹೆಚ್ಚಿನ ಹಾಸುಗಳು ಕೆಡುವುದು. ಗಾಡಿಯ ಒಂದು ಚಕ್ರ ಗುಂಡಿಗೆ ಇಳಿದಾಗ ಚಾಸಿ ಸ್ವಲ್ಪ ತಿರುಚಿಕೊಳ್ಳುತ್ತದೆ. ತಿರುಚಿಕೊಳ್ಳಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ಬಿಗಿಯಾದ ಹಾಸನ್ನು ಅದರ ಮೇಲೆ ಸುತ್ತಲೂ ಬೆಸೆದುಬಿಟ್ಟರೆ ಎರಡಕ್ಕೂ ಜಗ್ಗಾಟ ಮೊದಲಾಗುತ್ತದೆ. ಒಂದೇ ಸಲಕ್ಕೆ ಏನೂ ಆಗುವುದಿಲ್ಲ. ಆದರೆ ತಂತಿಯೊಂದನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಕೊನೆಗೆ ತುಂಡಾಗುವಂತೆ, ಲಕ್ಷಾಂತರ ಗುಂಡಿಗಳ ಬಳಿಕ ಬೆಸುಗೆಯ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ ಬೆಳೆಯುತ್ತದೆ. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ.

ಮೂರು ಕಲ್ಲಿನ ಒಲೆ ಎಂಥ ನೆಲದ ಮೇಲೂ ಅಲುಗದೆ ಕೂರುತ್ತದೆ. ನಾಲ್ಕು ಕಾಲಿನ ಮೇಜು ಕುಂಟುತ್ತದೆ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುವುದೇ ಇದಕ್ಕೆ ಕಾರಣ. ಹಾಸನ್ನು ಹಿಂದುಗಡೆ ಎರಡು ಕಡೆ ಬಿಗಿಯಾಗಿ ಹಿಡಿದು, ಮುಂದುಗಡೆ ರಬ್ಬರಿನ ಅಥವಾ ಸ್ಪ್ರಿಂಗಿನ ಮೂಲಕ ತುಸು ಆಡಲು ಬಿಟ್ಟರೆ ಒಲೆಯ ಉಪಾಯವೇ ಗಾಡಿಗೂ ಬಂದಂತಾಯಿತು. ಚಾಸಿಯ ಕಂಬಿಗೆ ತೂತು ಕೊರೆಯದೆ ಅದನ್ನು ತಬ್ಬಿ ಹಿಡಿಯುವ ಯು ಆಕಾರದ ಬೋಲ್ಟುಗಳನ್ನು ಬಳಸುವುದು ಮೇಲು. ಕೊರೆಯಲೇಬೇಕಾದ ಪ್ರಸಂಗದಲ್ಲಿ ತಯಾರಕರ ಸೂಚನೆಯನ್ನು ನೋಡಿ ಕಂಬಿಯ ಎತ್ತರದ ನಡುವೆ ಕೊರೆಯಬೇಕೇ ಹೊರತು, ಮೇಲಿನ ಕೆಳಗಿನ ಅಂಚುಗಳಲ್ಲಿ ಎಂದಿಗೂ ಕೂಡದು. ಸೋಮಾರಿ ಪದರ ಯಾವುದು, ದುಡಿಯುವ ಪದರ ಯಾವುದು ಎಂಬುದನ್ನು ಬಲ್ಲ ಓದುಗರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡೆಯದಾಗಿ ಹೊರೆಯ ಸ್ಥಾನ. ಎತ್ತಿನ ಗಾಡಿಗೆ ಹೇರುವ ರೈತನಿಗೆ ಮುಂಭಾರ ಹಿಂಭಾರಗಳ ಮರ್ಮ ಚೆನ್ನಾಗಿ ಗೊತ್ತು. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಪುಟ್ಟ ಲಾರಿಯಲ್ಲಿ ಮೂಕಿ ಏಳುವುದು ಕಣ್ಣಿಗೆ ಕಾಣದು, ಅಷ್ಟೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ದೂರ 2.1 ಮೀಟರ್ ಇರಲಿ. ಹಾಸನ್ನು ಹಿಂದಕ್ಕೆ ಉದ್ದವಾಗಿ ಬೆಳೆಸಿದುದರಿಂದ 700 ಕಿಲೋಗ್ರಾಂ ಹೊರೆಯ ಗುರುತ್ವಕೇಂದ್ರ ಹಿಂದಿನ ಅಚ್ಚಿನಿಂದ 30 ಸೆಂಟಿಮೀಟರ್ ಹಿಂದಕ್ಕೆ ಸರಿಯಿತೆನ್ನಿ. 2.1ರಲ್ಲಿ 0.3 ಏಳರಲ್ಲೊಂದು ಪಾಲು. ಆದುದರಿಂದ ಮುಂದಿನ ಚಕ್ರಗಳ ಮೇಲಿದ್ದ ಭಾರದಲ್ಲಿ 100 ಕಿಲೋಗ್ರಾಂ ಕಳೆದುಹೋಗಿ, ಹಿಂದಿನ ಅಚ್ಚಿನ ಮೇಲೆ 700ರ ಬದಲು 800 ಬೀಳುತ್ತದೆ. ಗಾಡಿಯನ್ನು ತಿರುಗಿಸುವುದು ಮುಂದಿನ ಚಕ್ರಗಳು. ನೆಲವನ್ನು ಒತ್ತಿ ಹಿಡಿಯದ ಚಕ್ರಕ್ಕೆ ತಿರುಗಿಸುವ ಶಕ್ತಿಯಿಲ್ಲ. ಹೆಬ್ಬಾಳದ ಮೇಲ್ಸೇತುವೆಯನ್ನು ಹತ್ತುವಾಗ ಏರಿನ ಕಾರಣದಿಂದ ಮುಂದಿನ ಭಾರ ಇನ್ನಷ್ಟು ಹಿಂದಕ್ಕೆ ಜಾರುತ್ತದೆ. ಹೊರೆಯ ಕೇಂದ್ರ ಹಿಂದಿನ ಅಚ್ಚಿಗಿಂತ ಸ್ವಲ್ಪ ಮುಂದೆಯೇ ಇರುವಂತೆ ಹಾಸಿನ ಉದ್ದವನ್ನು ಮೊದಲೇ ಗೊತ್ತುಮಾಡಬೇಕು.

ಎತ್ತರಕ್ಕೂ ಬೆಲೆ ತೆರಬೇಕಾಗುತ್ತದೆ. ಚಪ್ಪಟೆ ಹಾಸು ಚಕ್ರಗಳಿಗೆ ತಗಲದಂತೆ ಅವುಗಳ ಮೇಲೆ ಹಾಯಬೇಕಾದುದರಿಂದ ಹೊರೆ ಮೇಲಕ್ಕೆ ಏರುತ್ತದೆ. ಚಕ್ರಗಳ ನಡುವಣ ಅಗಲ 1.3 ಮೀಟರ್ ಇರುವ ಗಾಡಿಯ ಗುರುತ್ವಕೇಂದ್ರ 90 ಸೆಂಟಿಮೀಟರಿನಿಂದ 105ಕ್ಕೆ ಏರಿದರೆ, 25 ಮೀಟರ್ ತ್ರಿಜ್ಯದ ತಿರುವಿನಲ್ಲಿ ಅದು ಮಗುಚುವ ವೇಗ ಗಂಟೆಗೆ 48 ಕಿಲೋಮೀಟರಿನಿಂದ 44ಕ್ಕೆ ಇಳಿಯುತ್ತದೆ. ಸ್ಪ್ರಿಂಗುಗಳು ವಾಲುವುದರಿಂದ ನಿಜವಾದ ವೇಗ ಇದಕ್ಕಿಂತಲೂ ಕಡಮೆ.

ಹಾಸನ್ನು ಕಟ್ಟಿಸುವವರು ಒಂದು ವಿಷಯವನ್ನು ಮೊದಲೇ ಅರಿತಿರಬೇಕು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ಕಾಯಿದೆಯ 52ನೆಯ ಪ್ರಕರಣ ತಡೆಯುತ್ತದೆ. ಹೊರೆಯಿಲ್ಲದ ಗಾಡಿಯ ತೂಕವೂ ಆ ಪತ್ರದಲ್ಲಿ ದಾಖಲಾಗುವ ವಿವರ. ಆದುದರಿಂದ ಕತ್ತರಿಸುವ ಮೊದಲು ಯಶವಂತಪುರದ ಅಥವಾ ಯಲಹಂಕದ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅವಶ್ಯ.

ಕೆಲಸ ಮುಗಿದ ಗಾಡಿಯನ್ನು ತೂಕದ ಸೇತುವೆಯ ಮೇಲೆ ಎರಡು ಸಲ ನಿಲ್ಲಿಸಬೇಕು: ಒಮ್ಮೆ ನಾಲ್ಕು ಚಕ್ರಗಳನ್ನೂ, ಒಮ್ಮೆ ಮುಂದಿನ ಎರಡನ್ನು ಮಾತ್ರ. ಮೊದಲನೆಯ ಅಂಕೆ ಹಾಸು ನಿಜವಾಗಿ ಎಷ್ಟು ತೂಗುತ್ತದೆಂಬುದನ್ನು ತಿಳಿಸುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ಅಚ್ಚುಗಳ ನಡುವಣ ದೂರದಿಂದ ಗುಣಿಸಿದರೆ, ಗುರುತ್ವಕೇಂದ್ರ ಹಿಂದಿನ ಅಚ್ಚಿನಿಂದ ಎಷ್ಟು ಮುಂದಿದೆ ಎಂಬುದು ಸಿಗುತ್ತದೆ. ಹೊರೆ ಹೇರಿದ ಮೇಲೆ ಇದೇ ಎರಡು ತೂಕಗಳನ್ನು ಮತ್ತೊಮ್ಮೆ ನೋಡಿ, ಮುಂದಿನ ಚಕ್ರಗಳ ಮೇಲಣ ಭಾರ ಖಾಲಿ ಗಾಡಿಯಲ್ಲಿದ್ದುದಕ್ಕಿಂತ ಕಡಮೆಯಾಗಿದ್ದರೆ ಚೀಲಗಳನ್ನು ಮುಂದಕ್ಕೆ ಸರಿಸಿ ಕಟ್ಟಬೇಕು.